ಕಡಿಮೆ ಬಜೆಟ್‌ನಲ್ಲಿ ಗಟ್ಟಿಮುಟ್ಟಾದ ರೋಮನ್ ಕತ್ತಿ: ಆರಿಸುವುದು ಹೇಗೆ?

ಆನ್‌ಲೈನ್ ಅಂಗಡಿಗಳಲ್ಲಿ ರೋಮನ್ ಕತ್ತಿ ಹುಡುಕಿ ನೋಡಿ. ಕೆಲವು ಸಾವಿರ ರೂಪಾಯಿಯದೂ ಸಿಗುತ್ತದೆ, ಲಕ್ಷದ ಹತ್ತಿರ ಹೋಗುವುದೂ ಸಿಗುತ್ತದೆ. ಫೋಟೋದಲ್ಲಿ ಎರಡೂ ಒಂದೇ ಥರ ಹೊಳೆಯುತ್ತವೆ. ವ್ಯತ್ಯಾಸ ಇರುವುದು ಕ್ಯಾಮೆರಾಗೆ ಸಿಗದ ಕಡೆ: ಹಿಡಿಯ ಒಳಗೆ ಮತ್ತು ಉಕ್ಕಿನ ಹದದಲ್ಲಿ. ಬಜೆಟ್ ಕಡಿಮೆ ಇದ್ದವರು ದುಡ್ಡನ್ನೆಲ್ಲ ಈ ಎರಡಕ್ಕೇ ಹಾಕಬೇಕು. ಹಿತ್ತಾಳೆ ಕೆತ್ತನೆ, ಹದ್ದಿನ ಮುದ್ರೆ, ಮಖಮಲ್ಲಿನ ಪೆಟ್ಟಿಗೆ ಇವೆಲ್ಲ ಇಲ್ಲದಿದ್ದರೂ ನಡೆಯುತ್ತದೆ.

ಗೋಡೆಗೆ ನೇತುಹಾಕುವ ಅಲಂಕಾರದ ಕತ್ತಿ ಬೇಕಿದ್ದರೆ ಇಷ್ಟು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಕೈಯಲ್ಲಿ ಹಿಡಿದು ಬೀಸಿದರೆ ಕಳಚಿ ಹೋಗದ, ಬಾಳೆದಿಂಡನ್ನು ಕಡಿದರೆ ಬಾಗದ ಕತ್ತಿ ಬೇಕು ಎನ್ನುವವರಿಗೆ ಮುಂದಿನ ಮಾತು.

ಮೊದಲು ಕಾನೂನು ವಿಚಾರಿಸಿ

ಇದನ್ನು ಕೊನೆಗೆ ಇಟ್ಟುಕೊಳ್ಳುವವರೇ ಜಾಸ್ತಿ. ಭಾರತದಲ್ಲಿ ಕತ್ತಿ 1959ರ ಆಯುಧ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. 2016ರ ಆಯುಧ ನಿಯಮಗಳಲ್ಲಿ ಹರಿತವಾದ ಆಯುಧಗಳಿಗೇ ಒಂದು ಪ್ರತ್ಯೇಕ ವರ್ಗವಿದೆ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಅದು ಆ ವರ್ಗಕ್ಕೆ ಸೇರುತ್ತದೆ. ಮನೆಗೆಲಸದ, ಹೊಲದ ಕೆಲಸದ, ವೈಜ್ಞಾನಿಕ ಇಲ್ಲವೇ ಕೈಗಾರಿಕಾ ಕೆಲಸದ ಹತ್ಯಾರುಗಳಿಗೆ ಮಾತ್ರ ವಿನಾಯಿತಿ. ಇಂಥ ಆಯುಧಕ್ಕೆ ಲೈಸೆನ್ಸ್ ಬೇಕೋ ಬೇಡವೋ ಎನ್ನುವುದು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ನಿಮ್ಮ ಪ್ರದೇಶಕ್ಕೆ ಅಧಿಸೂಚನೆ ಇದೆಯೇ ಎಂಬುದರ ಮೇಲೆ ನಿಂತಿದೆ. ಹಾಗಾಗಿ ದುಡ್ಡು ಕಟ್ಟುವ ಮುಂಚೆ ನಿಮ್ಮ ವ್ಯಾಪ್ತಿಯ ಪೊಲೀಸ್ ಠಾಣೆಯಲ್ಲೋ ಜಿಲ್ಲಾಧಿಕಾರಿ ಕಚೇರಿಯಲ್ಲೋ ಕೇಳಿಕೊಳ್ಳಿ. ಉತ್ತರ ಬರಹದಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು. ‘ಆನ್‌ಲೈನ್‌ನಲ್ಲಿ ಮಾರುತ್ತಿದ್ದಾರಲ್ಲ, ಸರಿಯೇ ಇರಬೇಕು’ ಎಂಬ ವಾದ ಠಾಣೆಯಲ್ಲಿ ನಡೆಯುವುದಿಲ್ಲ. ಹೊರದೇಶದಿಂದ ತರಿಸುವುದಾದರೆ ಆಮದಿಗೂ ಲೈಸೆನ್ಸ್ ಬೇಕು.

ಮನೆಯೊಳಗೆ ಇಟ್ಟುಕೊಳ್ಳುವುದು ಒಂದು, ಬೀದಿಗೆ ತರುವುದು ಇನ್ನೊಂದು. ಹುಟ್ಟುಹಬ್ಬದ ಕೇಕನ್ನು ಕತ್ತಿಯಲ್ಲಿ ಕತ್ತರಿಸಿ, ರೀಲ್ಸ್ ಹಾಕಿ, ಮಾರನೇ ದಿನ ಠಾಣೆ ಮೆಟ್ಟಿಲು ಹತ್ತಿದವರ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ರೋಮನ್ ಕತ್ತಿಯಾದ ಮಾತ್ರಕ್ಕೆ ಪೊಲೀಸರು ಇತಿಹಾಸದ ಪಾಠ ಕೇಳುತ್ತಾ ಕೂರುವುದಿಲ್ಲ.

ಬ್ರಿಟನ್‌ನಲ್ಲಿರುವ ಕನ್ನಡಿಗರಿಗೆ ನಿಯಮ ಬೇರೆ. ಅಲ್ಲಿ 18 ತುಂಬಿರಬೇಕು. 50 ಸೆಂಟಿಮೀಟರ್ ಅಥವಾ ಅದಕ್ಕಿಂತ ಉದ್ದದ ಬಾಗಿದ ಕತ್ತಿಗಳ ಮಾರಾಟಕ್ಕೆ 2008ರಿಂದ ನಿರ್ಬಂಧವಿದೆ, ಕೆಲವು ವಿನಾಯಿತಿಗಳೂ ಇವೆ. ರೋಮನ್ ಕತ್ತಿ ನೇರವಾದದ್ದು, ಆ ಸಾಲಿಗೆ ಸೇರುವುದಿಲ್ಲ. ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ, ಕೆಲವು ಕಡೆ ಊರಿಂದ ಊರಿಗೆ ನಿಯಮ ಬದಲಾಗುತ್ತದೆ.

ಗ್ಲೇಡಿಯಸ್ ಯಾಕೆ?

ಪುರಾತನ ಕತ್ತಿಗಳು ಬೇಕಾದಷ್ಟಿವೆ. ಕಂಚಿನ ಕತ್ತಿ ಚೆಂದ, ಆದರೆ ಚೆನ್ನಾಗಿ ಎರಕ ಹೊಯ್ಯಬಲ್ಲವರು ಕಡಿಮೆ, ಬೆಲೆ ಹೆಚ್ಚು. ಗ್ರೀಕರ ಕೋಪಿಸ್, ಸ್ಪೇನಿನ ಫಲ್ಕಾಟಾ ಕತ್ತಿಗಳ ಬಾಗನ್ನು ಅಗ್ಗದ ತಯಾರಕರು ಸರಿಯಾಗಿ ತರುವುದು ಕಷ್ಟ. ಸಣ್ಣ ಬಜೆಟ್‌ಗೆ ಹೇಳಿ ಮಾಡಿಸಿದ ಹಾಗಿರುವುದು ರೋಮನ್ ಸೈನಿಕರ ಗಿಡ್ಡ ಕತ್ತಿ ಗ್ಲೇಡಿಯಸ್. ಅಲಗು ನೇರ, ಹಿಡಿ ಮರ ಅಥವಾ ಮೂಳೆಯದು, ಕೈಗೆ ರಕ್ಷಣೆಯಾಗಿ ಸಂಕೀರ್ಣ ಲೋಹದ ಕೆಲಸವಿಲ್ಲ. ಗಿಡ್ಡವಾದ್ದರಿಂದ ಉಕ್ಕಿನ ಹದದಲ್ಲಿ ಸಣ್ಣಪುಟ್ಟ ಏರುಪೇರು ಇದ್ದರೂ ಉದ್ದ ಕತ್ತಿಯಷ್ಟು ಅಪಾಯವಾಗುವುದಿಲ್ಲ.

ಇದರಲ್ಲೂ ಬಗೆಗಳಿವೆ. ಹಳೆಯದು ಹಿಸ್ಪಾನಿಯೆನ್ಸಿಸ್. ರೋಮನ್ನರು ಸ್ಪೇನಿನ ಕಡೆಯಿಂದ ಕಲಿತದ್ದು, ಅಲಗು 60 ಸೆಂಟಿಮೀಟರ್ ದಾಟುತ್ತದೆ. ಆಮೇಲೆ ಬಂದದ್ದು ಮೈನ್ಸ್ ಬಗೆ. ಜರ್ಮನಿಯ ಮೈನ್ಸ್ ನಗರದಲ್ಲಿ ಸಿಕ್ಕಿದ್ದರಿಂದ ಆ ಹೆಸರು. ನಡು ಸ್ವಲ್ಪ ಸಣ್ಣ, ಮೊನೆ ಉದ್ದ. 1848ರಲ್ಲಿ ಅಲ್ಲಿ ಸಿಕ್ಕ ‘ಟಿಬೇರಿಯಸ್‌ನ ಕತ್ತಿ’ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದೇ ಟಿಬೇರಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯ ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿದೆ ಎಂಬುದು ಹಾಗೇ ನೆನಪಾಯಿತು.

ಕೊನೆಯದು ಪೊಂಪೈ ಬಗೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಸಿಡಿದಾಗ ಬೂದಿಯಲ್ಲಿ ಹೂತ ಊರಿನ ಹೆಸರು ಅದಕ್ಕೆ. ಎರಡೂ ಅಂಚು ಸಮಾನಾಂತರ, ಮೊನೆ ಗಿಡ್ಡ, ಅಲಗು ಸುಮಾರು 45ರಿಂದ 50 ಸೆಂಟಿಮೀಟರ್. ಮೊದಲ ಸಲ ಕೊಳ್ಳುವವರಿಗೆ ನನ್ನ ಸಲಹೆ ಇದೇ. ಮೈನ್ಸ್ ಕತ್ತಿಯ ಸಣ್ಣ ನಡುವನ್ನು ಅಗ್ಗದ ಕಾರ್ಖಾನೆಗಳು ಎಷ್ಟೋ ಸಲ ವಿಕಾರವಾಗಿ ಮಾಡಿಬಿಡುತ್ತವೆ. ಪೊಂಪೈ ಕತ್ತಿಯಲ್ಲಿ ಕೆಡಿಸಲಿಕ್ಕೆ ಅಷ್ಟೇನೂ ಇಲ್ಲ.

ಉಕ್ಕು: ಯಾವುದು ಬೇಡ ಎಂಬುದು ಮೊದಲು

ಸ್ಟೇನ್‌ಲೆಸ್ ಸ್ಟೀಲ್ ಬೇಡ. ಅಡುಗೆ ಮನೆ ಚಾಕುವಿಗೆ ಅದು ಸರಿ. ಆದರೆ ಅಗ್ಗದ 420, 440 ದರ್ಜೆಯ ಸ್ಟೇನ್‌ಲೆಸ್‌ನಲ್ಲಿ ಕತ್ತಿಯಷ್ಟು ಉದ್ದದ ಅಲಗು ಮಾಡಿ ಬೀಸಿ ಹೊಡೆದರೆ ತುಂಡಾಗಿ ಹಾರುವ ಅಪಾಯವಿದೆ. ಜಾಹೀರಾತಿನಲ್ಲಿ ಬರೀ ‘ಉತ್ತಮ ಗುಣಮಟ್ಟದ ಉಕ್ಕು’ ಎಂದಿದ್ದು ದರ್ಜೆ ಹೇಳದಿದ್ದರೆ ಅದನ್ನೂ ಬಿಡಿ. ಕಡಿಮೆ ಬೆಲೆಗೆ ಸಿಗುವ ‘ಡಮಾಸ್ಕಸ್’ ಅಲಗಿಗಂತೂ ಕೈ ಹಾಕಲೇಬೇಡಿ. ಪದರ ಪದರದ ಆ ಡಿಸೈನ್ ಕಣ್ಣಿಗೆ ಹಬ್ಬ. ಆದರೆ ಪದರಗಳು ಒಳಗೆ ಸರಿಯಾಗಿ ಬೆಸೆದುಕೊಂಡಿವೆಯೋ ಇಲ್ಲವೋ ಹೊರಗಿನಿಂದ ತಿಳಿಯುವುದಿಲ್ಲ.

ಬೇಕಾದದ್ದು ಸಾದಾ ಕಾರ್ಬನ್ ಉಕ್ಕು. 1055, 1060, 1065, 1075 ಹೀಗೆ ಸಂಖ್ಯೆಗಳಿರುತ್ತವೆ. ಕೊನೆಯ ಎರಡು ಅಂಕಿ ಇಂಗಾಲದ ಪ್ರಮಾಣ ಹೇಳುತ್ತದೆ: 1060 ಅಂದರೆ ಸುಮಾರು ಶೇ 0.60. ಸಂಖ್ಯೆ ಏರಿದಷ್ಟೂ ಗಡಸುತನಕ್ಕೆ ಅವಕಾಶ ಹೆಚ್ಚು, ಜೊತೆಗೆ ಮುರಿಯುವ ಭಯವೂ ಹೆಚ್ಚು. ಹೊಸಬರಿಗೆ 1060ರ ಆಸುಪಾಸು ಸಾಕು. 5160, ಇಎನ್45 ಎಂದಿದ್ದರೆ ಅವು ಸ್ಪ್ರಿಂಗ್ ಉಕ್ಕು. ಲಾರಿಯ ಪಟ್ಟಾ ಸ್ಪ್ರಿಂಗ್‌ಗೆ ಬಳಸುವ ಜಾತಿ. ಬಾಗಿ ಮತ್ತೆ ನೇರವಾಗುವ ಗುಣ ಅದಕ್ಕಿದೆ.

ಉಕ್ಕಿನ ದರ್ಜೆ ಒಳ್ಳೆಯದಿದ್ದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅದನ್ನು ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸಿರಬೇಕು. ‘ಅಲಗಿಗೆ ಹದ ಕೊಟ್ಟಿದ್ದೀರಾ? ರಾಕ್‌ವೆಲ್ ಗಡಸುತನ ಎಷ್ಟು?’ ಎಂದು ನೇರವಾಗಿ ಕೇಳಿ. ರಾಕ್‌ವೆಲ್ ಎಂದರೆ ಲೋಹದ ಗಡಸುತನದ ಅಳತೆ, 48ರಿಂದ 55ರ ನಡುವಿನ ಉತ್ತರ ಬಂದರೆ ಒಳ್ಳೆಯದು. ಪ್ರಶ್ನೆಯೇ ಅರ್ಥವಾಗದ ಅಂಗಡಿಯಿಂದ ಕೊಳ್ಳಬೇಡಿ.

ಒಂದು ಸಮಾಧಾನದ ಮಾತು. ಸಿಕ್ಕಿರುವ ಅಸಲಿ ರೋಮನ್ ಕತ್ತಿಗಳನ್ನು ಲೋಹತಜ್ಞರು ಪರೀಕ್ಷಿಸಿದಾಗ ಕೆಲವು ಚೆನ್ನಾಗಿ ಹದಗೊಂಡ ಉಕ್ಕು, ಕೆಲವು ಮೆತ್ತನೆ ಕಬ್ಬಿಣ ಎಂದು ಗೊತ್ತಾಗಿದೆ. ಸರಿಯಾಗಿ ಮಾಡಿದ ಇವತ್ತಿನ ಅಗ್ಗದ ಕತ್ತಿ ಎಷ್ಟೋ ರೋಮನ್ ಸಿಪಾಯಿಗಳ ಕೈಯಲ್ಲಿದ್ದದ್ದಕ್ಕಿಂತ ವಾಸಿ.

ಹಿಡಿಯ ಒಳಗೆ ಏನಿದೆ?

ಅಲಗು ಹಿಡಿಯೊಳಗೆ ಮುಂದುವರಿಯುವ ಭಾಗವನ್ನು ಟ್ಯಾಂಗ್ ಎನ್ನುತ್ತಾರೆ. ಅಲಂಕಾರದ ಕತ್ತಿಗಳಲ್ಲಿ ಅಲಗಿನ ಬುಡಕ್ಕೆ ಒಂದು ತೆಳು ಬೋಲ್ಟ್ ಕಡ್ಡಿಯನ್ನು ವೆಲ್ಡ್ ಮಾಡಿ, ಹಿಂದಿನಿಂದ ನಟ್ ಬಿಗಿದಿರುತ್ತಾರೆ. ಎರಡು ಸಲ ಬೀಸಿದರೆ ವೆಲ್ಡ್ ಬಿಟ್ಟುಕೊಳ್ಳುತ್ತದೆ. ಅಲಗು ಎದುರಿಗಿದ್ದವರ ಕಡೆ ಹೋಗುತ್ತದೆ, ಹಿಡಿ ನಿಮ್ಮ ಕೈಯಲ್ಲೇ ಉಳಿಯುತ್ತದೆ.

ಅಸಲಿ ಗ್ಲೇಡಿಯಸ್‌ನಲ್ಲಿ ಟ್ಯಾಂಗ್ ಅಲಗಿನದೇ ತುಂಡು. ಅದು ಮರದ ಹಿಡಿ, ಹಿಂದಿನ ಗುಂಡು ಎರಡನ್ನೂ ದಾಟಿ ಬಂದು, ತುದಿಯಲ್ಲಿ ಒಂದು ಸಣ್ಣ ಲೋಹದ ಗುಬುಟಿನ ಮೇಲೆ ಸುತ್ತಿಗೆ ಏಟು ತಿಂದು ಚಪ್ಪಟೆಯಾಗಿರುತ್ತದೆ. ಪ್ರತಿಕೃತಿಯಲ್ಲೂ ಅದನ್ನೇ ಕೇಳಿ: ಟ್ಯಾಂಗ್ ಅಲಗಿನ ಜೊತೆ ಒಂದೇ ತುಂಡೋ, ಅಗಲ ಎಷ್ಟು, ತುದಿಯನ್ನು ಬಡಿದು ಕೂರಿಸಿದ್ದಾರೋ ನಟ್ ಹಾಕಿದ್ದಾರೋ? ನಟ್ ಇದ್ದರೆ ಕೆಟ್ಟದ್ದೆಂದಲ್ಲ, ಸಡಿಲವಾದಾಗ ಬಿಗಿದುಕೊಳ್ಳಬಹುದು. ಆದರೆ ಅದರ ಹಿಂದೆ ಇರುವುದು ಕಡ್ಡಿಯಾಗಿರಬಾರದು.

ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ಅಲಗಿನ ದಪ್ಪ ಬುಡದಲ್ಲಿ ಎಷ್ಟು, ಮೊನೆಯ ಹತ್ತಿರ ಎಷ್ಟು? ಒಳ್ಳೆಯ ಕತ್ತಿ ತುದಿಯ ಕಡೆಗೆ ತೆಳುವಾಗುತ್ತಾ ಹೋಗುತ್ತದೆ. ಅಗ್ಗದ್ದು ಒಂದೇ ದಪ್ಪದ ಕಬ್ಬಿಣದ ಪಟ್ಟಿ. ಅದನ್ನು ಹಿಡಿದರೆ ಭಾರ ಮುಂದಕ್ಕೆ ಎಳೆಯುತ್ತದೆ, ಸ್ವಲ್ಪ ಹೊತ್ತಿಗೆ ಮಣಿಕಟ್ಟು ಸೋಲುತ್ತದೆ. ಪೊಂಪೈ ಬಗೆಯ ಪ್ರತಿಕೃತಿಯ ತೂಕ ಒಂದು ಕಿಲೋ ಮೀರಿದ್ದರೆ ಅನುಮಾನ ಪಡಿ.

ಯಾರ ಹತ್ತಿರ ಕೊಳ್ಳುವುದು?

ಅಮೆರಿಕ, ಯುರೋಪಿನ ಇತಿಹಾಸಪ್ರಿಯರು ಸೊಂಟಕ್ಕೆ ಕಟ್ಟಿಕೊಳ್ಳುವ ಅಗ್ಗದ ರೋಮನ್ ಕತ್ತಿಗಳಲ್ಲಿ ದೊಡ್ಡ ಪಾಲು ನಮ್ಮ ದೇಶದ್ದೇ. ಡೆಹ್ರಾಡೂನ್‌ನ ವಿಂಡ್ಲಾಸ್ ಸ್ಟೀಲ್‌ಕ್ರಾಫ್ಟ್ಸ್ 1943ರಲ್ಲಿ ಗೂರ್ಖಾ ಪಡೆಗಳಿಗೆ ಕುಕ್ರಿ ಎಂಬ ಬಾಗಿದ ಚೂರಿ ಮಾಡಿಕೊಡುತ್ತಾ ಶುರುವಾದದ್ದು. ಮೀರತ್‌ನ ದೀಪೀಕಾ ರೋಮನ್ ಕವಚ, ಶಿರಸ್ತ್ರಾಣ, ಕತ್ತಿಗಳಿಗೆ ಹೆಸರಾದದ್ದು. ಹೊರದೇಶದ ಅಂಗಡಿಗಳಲ್ಲಿ ಇಂಥ ಭಾರತೀಯ ಗ್ಲೇಡಿಯಸ್‌ಗಳು ಹೆಚ್ಚುಕಡಿಮೆ 100ರಿಂದ 300 ಡಾಲರ್ ಒಳಗೆ ಸಿಗುತ್ತವೆ. ಇದಕ್ಕಿಂತ ತೀರಾ ಕೆಳಗಿನದು ಗೋಡೆಗೆ ಸರಿ. ಚೀನಾದ ಲಾಂಗ್‌ಚುವಾನ್ ಊರೂ ಕತ್ತಿಗೆ ಪ್ರಸಿದ್ಧ, ಆದರೆ ಅಲ್ಲಿಯವರ ಪಳಗಿದ ಕೈ ಹೆಚ್ಚಾಗಿ ಚೀನಾ, ಜಪಾನ್ ಮಾದರಿಗಳಲ್ಲಿ.

ಒಂದೇ ಕಾರ್ಖಾನೆಯ ಮಾಲಿನಲ್ಲೂ ಒಂದು ಚೆನ್ನಾಗಿರುತ್ತದೆ, ಇನ್ನೊಂದರ ಹಿಡಿ ಅಲುಗಾಡುತ್ತದೆ. ಅದಕ್ಕೇ ವಾಪಸ್ ತೆಗೆದುಕೊಳ್ಳುವ ಅಂಗಡಿ ಮುಖ್ಯ. ಹತ್ತು ಡಾಲರ್ ಉಳಿಸಲು ಹೋಗಿ ವಾಪಸಾತಿ ಇಲ್ಲದವರ ಹತ್ತಿರ ಕೊಳ್ಳಬೇಡಿ. ಬಹುತೇಕ ಕತ್ತಿಗಳು ಮೊಂಡಾಗಿಯೇ ಬರುತ್ತವೆ, ಸಾಣೆಗೆ ಬೇರೆ ದುಡ್ಡು. ಹಳೆಯ ಕಾಳಗಗಳನ್ನು ಅಣಕವಾಗಿ ಆಡಿ ತೋರಿಸುವ ಕೂಟಗಳಿಗೆ ಒಯ್ಯುವವರು ಮೊಂಡಾಗಿಯೇ ಇಟ್ಟುಕೊಳ್ಳಿ. ಹರಿತವಾದದ್ದನ್ನು ಅಣಕು ಕಾಳಗಕ್ಕೆ ಯಾರೂ ಬಿಡುವುದಿಲ್ಲ, ಬಿಡಲೂಬಾರದು.

ಪೆಟ್ಟಿಗೆ ಬಿಚ್ಚಿದ ಮೇಲೆ

ಅಲಗನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಬುಡದಿಂದ ಮೊನೆಯ ತನಕ ನೋಡಿ. ಸೊಟ್ಟಗಿದೆಯಾ? ಆಮೇಲೆ ಹಿಡಿಯನ್ನು ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯಿಂದ ಅಲಗಿನ ಚಪ್ಪಟೆ ಮೈಗೆ ಮೆಲ್ಲಗೆ ತಟ್ಟಿ. ಗಲಗಲ ಸದ್ದು ಬಂದರೆ ಒಳಗೆ ಸಡಿಲ ಇದೆ. ಹಿಡಿಯ ಮರದಲ್ಲಿ ಬಿರುಕಿದೆಯೇ ನೋಡಿ. ಏನಾದರೂ ಕಂಡರೆ ಫೋಟೋ ತೆಗೆದು ಆವತ್ತೇ ಬರೆಯಿರಿ. ಒಂದು ಸಲ ಏನನ್ನಾದರೂ ಕಡಿದ ಮೇಲೆ ಅಂಗಡಿಯವರು ಕೇಳಿಸಿಕೊಳ್ಳುವುದಿಲ್ಲ.

ಕಡಿದು ನೋಡಲು ಬಾಳೆದಿಂಡಿನಷ್ಟು ಒಳ್ಳೆಯದು ಬೇರೆ ಇಲ್ಲ. ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿಯೂ ಆಗುತ್ತದೆ. ಒಣ ಕಟ್ಟಿಗೆ, ತೆಂಗಿನಕಾಯಿ ಬೇಡ, ಅದಕ್ಕೆ ಮಚ್ಚು ಇದೆ. ಗ್ಲೇಡಿಯಸ್ ಮುಖ್ಯವಾಗಿ ತಿವಿಯುವ ಕತ್ತಿ. ರಟ್ಟಿನ ಡಬ್ಬ ಪೇರಿಸಿ ತಿವಿದು ನೋಡಿದರೆ ಅದರ ಗುಣ ತಿಳಿಯುತ್ತದೆ. ಸುತ್ತ ಯಾರೂ ಇರಬಾರದು, ಕಾಲಿಗೆ ಶೂ ಇರಬೇಕು.

ಬಾಳೆಯ ಸೊನೆ ಉಕ್ಕಿಗೂ ಕಲೆ ಮಾಡುತ್ತದೆ, ತಕ್ಷಣ ಒರೆಸಿ. ಕಾರ್ಬನ್ ಉಕ್ಕಿಗೆ ಬೆರಳ ಬೆವರು ಕೂಡ ತುಕ್ಕು ತರಿಸುತ್ತದೆ. ಹೊಲಿಗೆ ಮಷಿನ್ ಎಣ್ಣೆಯ ತೆಳು ಪದರ ಹಚ್ಚಿದರೆ ಸಾಕು. ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಹೆಪ್ಪುಗಟ್ಟುತ್ತದೆ. ಆಯುಧ ಪೂಜೆಗೆ ಅರಿಸಿನ ಕುಂಕುಮ ಹಚ್ಚಿದರೆ ಮಾರನೇ ದಿನವೇ ಒರೆಸಿ ಎಣ್ಣೆ ಹಾಕಿ, ಅಜ್ಜಿ ಬೈದರೂ ಸರಿ. ಚರ್ಮದ ಒರೆಯಲ್ಲಿ ತೇವ ನಿಲ್ಲುತ್ತದೆ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಕತ್ತಿಯನ್ನು ಒರೆಯಿಂದ ಹೊರಗೆ ತೆಗೆದು, ಎಣ್ಣೆ ಹಚ್ಚಿ, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿದ ಕಪಾಟಿನಲ್ಲಿಡಿ. ವಾರಕ್ಕೊಮ್ಮೆ ತೆಗೆದು ನೋಡಿ. ಕೆಂಪು ಚುಕ್ಕೆ ಕಂಡರೆ ಎಣ್ಣೆ ಹಾಕಿ ನಯವಾದ ಮರಳು ಕಾಗದದಿಂದ ಉದ್ದಕ್ಕೆ ತಿಕ್ಕಿ, ಅಡ್ಡಡ್ಡ ತಿಕ್ಕಿದರೆ ಗೀರು ಎದ್ದು ಕಾಣುತ್ತದೆ.