ಜೋಲುರೆಪ್ಪೆಯ ಶಸ್ತ್ರಚಿಕಿತ್ಸೆಗೆ ವಿಮೆ ಪಡೆದದ್ದು: ನನ್ನ ಅನುಭವ

ಸಂಜೆಯ ಹೊತ್ತು ಓದಬೇಕೆಂದರೆ ಬಲಗಣ್ಣಿನ ರೆಪ್ಪೆಯನ್ನು ಬೆರಳಿನಿಂದ ಎತ್ತಿ ಹಿಡಿಯಬೇಕಾದ ಸ್ಥಿತಿ ಬಂದಾಗ ನನಗೆ 61 ವರ್ಷ. ಹುಬ್ಬನ್ನು ಸದಾ ಮೇಲೆತ್ತಿಕೊಂಡೇ ಇರುತ್ತಿದ್ದುದರಿಂದ ಹಣೆ ನೋಯುತ್ತಿತ್ತು; ಸ್ಕೂಟರ್ ಓಡಿಸುವಾಗ ಸಿಗ್ನಲ್ ದೀಪ ಕಾಣಬೇಕಾದರೆ ಗದ್ದವನ್ನೇ ಎತ್ತಬೇಕಾಗುತ್ತಿತ್ತು. ರೆಪ್ಪೆಯನ್ನು ಎತ್ತುವ ಸ್ನಾಯುವಿನ ಪಟ್ಟಿ ವಯಸ್ಸಿನಿಂದ ಸಡಿಲಗೊಂಡಿದೆ, ಇದು ಟೋಸಿಸ್ ಎಂದು ನೇತ್ರತಜ್ಞರು ಹೇಳಿದರು. ಮಯಸ್ತೇನಿಯಾ ಎಂಬ ಸ್ನಾಯುದೌರ್ಬಲ್ಯದಿಂದಲೂ ರೆಪ್ಪೆ ಜೋಲುವುದರಿಂದ ಅದಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿದರು.

ಆಸ್ಪತ್ರೆಯವರು ಕಳುಹಿಸಿದ ಕ್ಯಾಶ್‌ಲೆಸ್ ಅರ್ಜಿಗೆ ವಿಮಾ ಕಂಪನಿಯಿಂದ ಬಂದ ಉತ್ತರ ಒಂದೇ ಸಾಲಿನದು: ಇದು ಸೌಂದರ್ಯ ಚಿಕಿತ್ಸೆ, ಹಣ ಕೊಡಲಾಗದು. ಮನಸ್ಸಿಗೆ ಬಹಳ ನೋವಾಯಿತು. ಅಂದು ರಾತ್ರಿಯೇ ಪಾಲಿಸಿಯನ್ನು ಮೊದಲ ಬಾರಿಗೆ ಪೂರ್ತಿಯಾಗಿ ಓದಿದೆ. ವಿಮಾ ನಿಯಂತ್ರಣ ಸಂಸ್ಥೆಯಾದ ಐಆರ್‌ಡಿಎಐ ಗೊತ್ತುಪಡಿಸಿದ ಹೊರಗಿಡುವಿಕೆಗಳಲ್ಲಿ, ಅಂದರೆ ವಿಮೆ ಹಣ ಕೊಡದ ಸಂದರ್ಭಗಳಲ್ಲಿ, ಎಂಟನೆಯದು ಸೌಂದರ್ಯ ಹಾಗೂ ಪ್ಲಾಸ್ಟಿಕ್ ಸರ್ಜರಿಗೆ ಸಂಬಂಧಿಸಿದ್ದು. ಆದರೆ ಅಪಘಾತ, ಸುಟ್ಟಗಾಯ ಅಥವಾ ಕ್ಯಾನ್ಸರ್ ನಂತರದ ಮರುರಚನೆಗೆ ಅದರಲ್ಲಿ ವಿನಾಯಿತಿಯಿದೆ. ಆರೋಗ್ಯಕ್ಕೆ ಎದುರಾದ ನೇರ ಮತ್ತು ತಕ್ಷಣದ ಅಪಾಯವನ್ನು ನಿವಾರಿಸಲು ಅಗತ್ಯವಾದ ಚಿಕಿತ್ಸೆಗೂ ಇದೆ, ಆ ಅಗತ್ಯವನ್ನು ಚಿಕಿತ್ಸೆ ನೀಡುವ ವೈದ್ಯರು ದೃಢೀಕರಿಸಿರಬೇಕು. ನಮ್ಮ ಮೊದಲ ಅರ್ಜಿಯಲ್ಲಿ ಅಂಥ ದೃಢೀಕರಣ ಇರಲೇ ಇಲ್ಲ. ‘ರೆಪ್ಪೆ ಶಸ್ತ್ರಚಿಕಿತ್ಸೆ’ ಎಂದಷ್ಟೇ ಬರೆದಿತ್ತು.

ಶಸ್ತ್ರಚಿಕಿತ್ಸೆಯನ್ನು ಮುಂದೂಡಿದೆ. ರೆಪ್ಪೆ ಮೇಲೆದ್ದ ಮೇಲೆ ಅದು ಜೋತುಬಿದ್ದಿತ್ತೆಂಬುದಕ್ಕೆ ಸಾಕ್ಷ್ಯವೇ ಉಳಿಯುವುದಿಲ್ಲವಾದ್ದರಿಂದ, ಹಣ ಕಟ್ಟಿ ಮಾಡಿಸಿಕೊಂಡು ಆಮೇಲೆ ಜಗಳವಾಡುವುದು ನನಗೆ ಸರಿಯೆನಿಸಲಿಲ್ಲ. ಕಣ್ಣಪಾಪೆಯ ನಡುವಿನಿಂದ ಮೇಲ್ರೆಪ್ಪೆಯ ಅಂಚಿಗೆ ಇರುವ ಅಂತರ ಸಾಮಾನ್ಯವಾಗಿ 4ರಿಂದ 5 ಮಿಲಿಮೀಟರ್. ನನ್ನದು ಬಲಗಣ್ಣಿನಲ್ಲಿ 1 ಮಿಲಿಮೀಟರ್ ಇತ್ತು. ಆ ಅಳತೆಯನ್ನು ವೈದ್ಯರಿಂದ ಬರೆಸಿಕೊಂಡೆ. ಹುಬ್ಬನ್ನು ಸಡಿಲಬಿಟ್ಟು, ನೇರ ದೃಷ್ಟಿಯಲ್ಲಿ ಫೋಟೋಗಳನ್ನು ತೆಗೆಸಿದೆ. ಎಲ್ಲಕ್ಕಿಂತ ಹೆಚ್ಚು ನೆರವಾದದ್ದು, ಕಣ್ಣಿಗೆ ಸುತ್ತಲೂ ಎಷ್ಟು ಕಾಣುತ್ತದೆಂದು ಅಳೆಯುವ ದೃಷ್ಟಿಕ್ಷೇತ್ರ ಪರೀಕ್ಷೆ: ಒಮ್ಮೆ ರೆಪ್ಪೆ ಇದ್ದಂತೆಯೇ, ಇನ್ನೊಮ್ಮೆ ಅದನ್ನು ಟೇಪಿನಿಂದ ಮೇಲಕ್ಕೆ ಅಂಟಿಸಿ. ಮೊದಲ ಹಾಳೆಯಲ್ಲಿ ಮೇಲ್ಭಾಗವೆಲ್ಲ ಕಪ್ಪಾಗಿತ್ತು, ಎರಡನೆಯದರಲ್ಲಿ ಬಹುಪಾಲು ತಿಳಿಯಾಗಿತ್ತು. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನಲ್ಲಿಯೂ ಇದೇ ಬಗೆಯ ದಾಖಲೆಗಳನ್ನು ಕೇಳುತ್ತಾರೆಂದು ವೈದ್ಯರು ಹೇಳಿದ್ದರು. ವಾಹನ ಓಡಿಸುವಾಗಲೂ ಮೆಟ್ಟಿಲು ಹತ್ತುವಾಗಲೂ ಇರುವ ಅಪಾಯವನ್ನು ಅವರು ತಮ್ಮ ಪತ್ರದಲ್ಲಿ ಪಾಲಿಸಿಯ ಮಾತುಗಳಿಗೆ ಹೊಂದುವಂತೆ ವಿವರಿಸಿದರು. ಕೆಳರೆಪ್ಪೆಯ ಚೀಲಗಳನ್ನೂ ಜೊತೆಗೇ ತೆಗೆಸಬಹುದೆಂಬ ಸಲಹೆ ಬಂದಾಗ ನಾನು ಬೇಡವೆಂದೆ; ಅದು ನಿಜಕ್ಕೂ ಅಂದಕ್ಕಾಗಿ ಮಾಡುವಂಥದ್ದು, ಒಂದೇ ಬಿಲ್ಲಿನಲ್ಲಿ ಬೆರೆತರೆ ಎರಡೂ ಕೆಡುತ್ತಿದ್ದವು.

ಇವೆಲ್ಲವನ್ನೂ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಕಳುಹಿಸಿದೆ. ತೊಂದರೆ ಕೆಲವು ವರ್ಷಗಳಿಂದ ಇದೆಯೆಂದು ಕೇಸ್ ಷೀಟಿನಲ್ಲಿ ಇದ್ದುದರಿಂದ ಇದು ಪಾಲಿಸಿ ಪಡೆಯುವ ಮೊದಲೇ ಇದ್ದ ಹಳೆಯ ಕಾಯಿಲೆಯೇ ಎಂಬ ಪ್ರಶ್ನೆಯೂ ಎದ್ದಿತು. ನನ್ನ ಪಾಲಿಸಿ 2015ರಿಂದ ಬಿಡದೆ ನಡೆದಿತ್ತು, ಅಂಥ ಕಾಯಿಲೆಗಳಿಗೆ ವಿಮೆ ಸಿಗಲು ಕಾಯಬೇಕಾದ ಅವಧಿಯಾದರೋ ಈಗ ಗರಿಷ್ಠ 36 ತಿಂಗಳು. ನವೀಕರಣದ ರಸೀದಿಗಳನ್ನು ಕಳುಹಿಸಿದೊಡನೆ ಆ ಮಾತು ನಿಂತಿತು. 30 ದಿನಗಳಲ್ಲಿ ಉತ್ತರ ಬರದಿದ್ದರೆ ವಿಮಾ ಕಂಪನಿಗಳ ಮೇಲಿನ ದೂರುಗಳನ್ನು ಇತ್ಯರ್ಥಪಡಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಅವರಿಗೆ ಕೊಡಲು ದೂರನ್ನೂ ಬರೆದಿಟ್ಟಿದ್ದೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಆದರೆ ಇಪ್ಪತ್ತೆರಡನೆಯ ದಿನವೇ ಅನುಮತಿಪತ್ರ ಬಂತು.

ಸ್ಥಳೀಯ ಅರಿವಳಿಕೆಯಲ್ಲಿ, ಡೇ ಕೇರ್ ಚಿಕಿತ್ಸೆಯಾಗಿ ಎಲ್ಲ ಮುಗಿದು ಸಂಜೆಗೇ ಮನೆಗೆ ಬಂದೆ. ಹೊಲಿಗೆ ಬಿಚ್ಚಿಸಿಕೊಂಡ ವಾರ, ಮುಲಾಮು ಮತ್ತು ಕಣ್ಣಿನ ಹನಿಗಳ ಬಿಲ್ಲುಗಳನ್ನು ಚಿಕಿತ್ಸೆಯ ನಂತರದ ವೆಚ್ಚವೆಂದು ಕಳುಹಿಸಿದೆ; ಅವೂ ಮಂಜೂರಾದವು.