ಗೇಟಿಗೆ ಸಿಕ್ಕಿಸಿದ ಕಂದು ಲಕೋಟೆ

2023ರ ಮೇ 7, ಭಾನುವಾರ. ಮತದಾನಕ್ಕೆ ಮೂರೇ ದಿನ ಉಳಿದಿತ್ತು. ಬೆಳಗ್ಗೆ ಆರೂವರೆಗೆ ನಮ್ಮ ಬೂತಿನ ಹುಡುಗ ಫೋನ್ ಮಾಡಿ, "ಅಣ್ಣಾ, ಕಾಲುವೆ ಪಕ್ಕದ ಬೀದಿಗಳಲ್ಲಿ ರಾತ್ರೋರಾತ್ರಿ ಯಾರೋ ಕಾಗದ ಹಂಚಿದ್ದಾರೆ. ಹೆಂಗಸರೆಲ್ಲ ಗಾಬರಿಯಾಗಿದ್ದಾರೆ, ಬೇಗ ಬನ್ನಿ" ಎಂದ. ನಾನು ಹೋಗುವಷ್ಟರಲ್ಲಿ ನಾಲ್ಕೈದು ಮನೆಯವರು ಬೀದಿಗೆ ಬಂದು ನಿಂತಿದ್ದರು. ಒಬ್ಬ ಅಜ್ಜಿಯ ಒಂದು ಕೈಯಲ್ಲಿ ಹಾಲಿನ ಪ್ಯಾಕೆಟ್, ಇನ್ನೊಂದು ಕೈಯಲ್ಲಿ ಕಂದು ಲಕೋಟೆ. "ಗೇಟಿಗೆ ಸಿಕ್ಕಿಸಿ ಹೋಗಿದ್ದಾರೆ, ನೋಡಪ್ಪಾ. ನನ್ನ ಹೆಸರೇ ಬರೆದಿದೆ" ಎಂದರು.

ಬೆಂಗಳೂರಿನ ಆಗ್ನೇಯ ಭಾಗದ ಒಂದು ವಿಧಾನಸಭಾ ಕ್ಷೇತ್ರದಲ್ಲಿ ನಾನು ಆಗ ಒಬ್ಬ ಅಭ್ಯರ್ಥಿಯ ಕರಪತ್ರ, ಮುದ್ರಣಗಳ ಹೊಣೆ ಹೊತ್ತಿದ್ದೆ. ಕ್ಷೇತ್ರದ ಹೆಸರಾಗಲಿ, ಅಭ್ಯರ್ಥಿಯ ಹೆಸರಾಗಲಿ ಇಲ್ಲಿ ಬೇಡ. ನಾವೆಲ್ಲ ಅವರನ್ನು ಮೇಡಂ ಎಂದೇ ಕರೆಯುತ್ತಿದ್ದೆವು.

ಲಕೋಟೆಗೆ ಅಂಚೆ ಚೀಟಿ ಇರಲಿಲ್ಲ. ಒಳಗೆ ಒಂದೇ ಹಾಳೆ. ಮೇಲೆ ದಪ್ಪ ಅಕ್ಷರದಲ್ಲಿ 'ತುರ್ತು ತಿಳಿವಳಿಕೆ ಪತ್ರ', ಅದರ ಕೆಳಗೆ ಕಡತದ ಸಂಖ್ಯೆಯಂತೆ ಕಾಣುವ ಅಂಕಿಗಳು, ಬಲಗಡೆ ಓದಲಾಗದ ಒಂದು ನೀಲಿ ದುಂಡು ಮುದ್ರೆ. ಯಾವ ಕಚೇರಿಯ ಹೆಸರೂ ಎಲ್ಲೂ ಇಲ್ಲ. ಸಮಾಧಾನದಿಂದ ಓದಿದರೆ ಅದು ಗೊತ್ತಾಗುತ್ತದೆ, ಆದರೆ ಮನೆ ಹೋಗುತ್ತದೆ ಎಂದು ಬರೆದಿರುವ ಕಾಗದವನ್ನು ಸಮಾಧಾನದಿಂದ ಓದುವವರು ಯಾರು? ರಾಜಕಾಲುವೆಯಿಂದ (ಮಳೆನೀರು ಹರಿಯುವ ದೊಡ್ಡ ಕಾಲುವೆ) 75 ಮೀಟರ್ ಒಳಗಿರುವ ನಿಮ್ಮ ಮನೆ ತೆರವು ಪಟ್ಟಿಯಲ್ಲಿದೆ, ಈ ಅಭ್ಯರ್ಥಿ ಗೆದ್ದರೆ ತಿಂಗಳೊಳಗೆ ಜೆಸಿಬಿ ಬರುತ್ತದೆ, ಇದನ್ನು ಅವರೇ ಸಭೆಯಲ್ಲಿ ಹೇಳಿದ್ದಾರೆ ಎಂಬುದು ಅದರ ಸಾರಾಂಶ.

ಆ ಮೂರು ಬೀದಿಗಳ ಮನೆಗಳೆಲ್ಲ ರೆವಿನ್ಯೂ ಸೈಟಿನಲ್ಲಿ, ಅಂದರೆ ಭೂ ಪರಿವರ್ತನೆಯಾಗದ ಕೃಷಿ ಭೂಮಿಯಲ್ಲಿ ಮಾಡಿದ ಸೈಟಿನಲ್ಲಿ ಕಟ್ಟಿದವು. ಹೆಚ್ಚಿನವರ ಕೈಯಲ್ಲಿದ್ದದ್ದು ಬಿ ಖಾತಾ, ಅಂದರೆ ಪೂರ್ತಿ ಕ್ರಮಬದ್ಧವಲ್ಲದ ಆಸ್ತಿಯ ಪಾಲಿಕೆ ದಾಖಲೆ. ಕೆಲವರ ಹತ್ತಿರ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಬಿಟ್ಟರೆ ಬೇರೇನೂ ಇರಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಕಡೆ ನೀರು ನುಗ್ಗಿ, ಅದರ ಬೆನ್ನಿಗೇ ಮಹದೇವಪುರ ವಲಯದಲ್ಲಿ ಕಾಲುವೆ ಒತ್ತುವರಿ ತೆರವಿಗೆ ಜೆಸಿಬಿಗಳು ಇಳಿದಿದ್ದನ್ನು ಅವರೆಲ್ಲ ಟಿವಿಯಲ್ಲಿ ನೋಡಿದ್ದರು. ಕಾಗದ ಬರೆದವರು ಹೊಸ ಹೆದರಿಕೆಯನ್ನೇನೂ ಹುಟ್ಟಿಸಲಿಲ್ಲ. ಎಂಟು ತಿಂಗಳಿಂದ ಮನೆಯಲ್ಲೇ ಇದ್ದ ಹೆದರಿಕೆಗೆ ಒಬ್ಬ ಅಭ್ಯರ್ಥಿಯ ಹೆಸರು ಅಂಟಿಸಿದರು.

ಇದು ನನಗೆ ಅಷ್ಟು ಬೇಗ ಅರ್ಥವಾದದ್ದಕ್ಕೆ ಕಾರಣ ಹೇಳಿಬಿಡಬೇಕು. ಇಂಥ ಕಾಗದವನ್ನು ನಾನೇ ಒಮ್ಮೆ ಬರೆದಿದ್ದೇನೆ. 2015ರ ಆಗಸ್ಟಿನಲ್ಲಿ 198 ವಾರ್ಡುಗಳಿಗೆ ಪಾಲಿಕೆ ಚುನಾವಣೆ ನಡೆದಾಗ, ಎದುರಾಳಿ ಗೆದ್ದರೆ ನಿಮ್ಮ ಮಕ್ಕಳು ಆಡುವ ಮೈದಾನದ ಪಕ್ಕ ಕಸದ ಘಟಕ ಬರುತ್ತದೆ ಎಂದು ಆರು ಸಾಲು ಬರೆದುಕೊಟ್ಟೆ. ನಗರದ ಕಸ ಸುರಿಯುತ್ತಿದ್ದ ಮಾವಳ್ಳಿಪುರ, ಮಂಡೂರಿನ ಜನ ಪಟ್ಟ ಪಾಡು ಊರಿಗೆಲ್ಲ ಗೊತ್ತಿದ್ದ ಕಾಲ ಅದು. ಬರಬೇಕಿದ್ದದ್ದು ಒಣಕಸ ವಿಂಗಡಿಸುವ ಒಂದು ಸಣ್ಣ ಶೆಡ್ ಮಾತ್ರ. 'ಒಣ' ಎಂಬ ಪದವನ್ನು ನಾನು ಬೇಕೆಂದೇ ಬಿಟ್ಟಿದ್ದೆ. ಮೈದಾನದ ಎದುರಿನ ಮನೆಗಳಿಗೆ ಮಾತ್ರ ಅದನ್ನು ಹಂಚಿದೆವು. ಚುನಾವಣೆ ಮುಗಿದ ಮೇಲೂ ಆ ಬೀದಿಯವರು ಶೆಡ್ಡಿಗೆ ಒಪ್ಪಲಿಲ್ಲ. ಅಲ್ಲಿ ಕೆಲಸ ಸಿಗುತ್ತದೆಂದು ಕಾದಿದ್ದ ಚಿಂದಿ ಆಯುವ ಹೆಂಗಸರು ಮತ್ತೆ ಫುಟ್‌ಪಾತಿನ ಮೇಲೆ ಕೂತು ಕಸ ಬೇರ್ಪಡಿಸುವುದನ್ನು ವರ್ಷಗಟ್ಟಲೆ ನೋಡಿದೆ. ಬರೆದ ಆರು ಸಾಲು ಚುನಾವಣೆಯ ಜೊತೆಗೇ ಮುಗಿಯುತ್ತದೆ ಎಂದುಕೊಂಡಿದ್ದೆ, ಮುಗಿಯಲಿಲ್ಲ.

ಹಾಗಾಗಿ ಈ ಕಾಗದದಲ್ಲಿ ಮೊದಲು ಹುಡುಕಿದ್ದು ಬಿಟ್ಟ ಪದವನ್ನು. ಪ್ರವಾಹದ ನಂತರದ ಸಭೆಯಲ್ಲಿ ಮೇಡಂ ಹೇಳಿದ್ದರ ವಿಡಿಯೊ ನಮ್ಮಲ್ಲಿತ್ತು: "ಕಾಲುವೆಗಳು ತೆರವಾಗಬೇಕು. ಆದರೆ ದಾಖಲೆ ನೋಡದೆ ಯಾರ ಗೋಡೆಯನ್ನೂ ಮುಟ್ಟಬಾರದು, ಕಾಲುವೆಯ ಮೇಲೆ ಸೈಟು ಮಾಡಿ ಮಾರಿದವರನ್ನು ಮೊದಲು ಹಿಡಿಯಬೇಕು." ಕಾಗದದಲ್ಲಿ ಮೊದಲ ವಾಕ್ಯ ಮಾತ್ರ ಇತ್ತು. ಇನ್ನು 75 ಮೀಟರ್. ಆ ಅಂಕಿ ಎಲ್ಲಿಂದಲೋ ಹುಟ್ಟಿದ್ದಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಮೇ ತಿಂಗಳಲ್ಲಿ ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಮೀಸಲು ಬಿಡಬೇಕೆಂದು ಆದೇಶಿಸಿತ್ತು. ಅದು ಕೆರೆಗೆ ಹೇಳಿದ ಅಳತೆ, ಕಾಲುವೆಗಲ್ಲ. ಕಾಲುವೆ ಮೊದಲ, ಎರಡನೆಯ, ಮೂರನೆಯ ಹಂತದ್ದೇ ಎಂಬುದಕ್ಕೆ ತಕ್ಕಂತೆ 50, 35, 25 ಮೀಟರ್ ಎಂದಿತ್ತು. ಆ ಅಳತೆಗಳನ್ನೂ ಸುಪ್ರೀಂ ಕೋರ್ಟ್ 2019ರ ಮಾರ್ಚ್ 5ರಂದು ರದ್ದು ಮಾಡಿ, ನಗರದ 2015ರ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಅಳತೆಗಳೇ ಉಳಿಯುವಂತೆ ಮಾಡಿತು. ಆ ಯೋಜನೆಯಲ್ಲಿ ಕಾಲುವೆಯ ಮಧ್ಯದಿಂದ 50, 25, 15 ಮೀಟರ್. ಎಲ್ಲೋ ಕೇಳಿದ ಅಂಕಿಯಾದ್ದರಿಂದಲೇ ಜನ ನಂಬಿದರು. ಪೂರ್ತಿ ಸುಳ್ಳನ್ನು ಕಿತ್ತುಹಾಕುವುದು ಸುಲಭ, ಅರ್ಧ ನಿಜದ ಬೇರು ಆಳದಲ್ಲಿರುತ್ತದೆ.

ಮಧ್ಯಾಹ್ನದ ಹೊತ್ತಿಗೆ ನಲವತ್ತೊಂದು ಲಕೋಟೆಗಳು ನಮ್ಮ ಕಚೇರಿಗೆ ಬಂದವು. ನೆಲದ ಮೇಲೆ ಹರಡಿ, ಪಕ್ಕದಲ್ಲಿ ಮತದಾರರ ಪಟ್ಟಿಯ ಆ ಭಾಗವನ್ನು ಇಟ್ಟುಕೊಂಡು ಒಂದೊಂದೇ ಹೆಸರು ಹೊಂದಿಸಿದೆ. ಅಜ್ಜಿಯ ಹೆಸರು ಸಾವಿತ್ರಮ್ಮ. ಲಕೋಟೆಯ ಮೇಲೆ 'ಸವಿತ್ರಮ್ಮ'. ಪಟ್ಟಿ ತೆರೆದು ನೋಡಿದರೆ ಅಲ್ಲೂ 'ಸವಿತ್ರಮ್ಮ', ದೀರ್ಘವೊಂದು ಬಿಟ್ಟುಹೋಗಿತ್ತು. ಇನ್ನೊಂದು ಲಕೋಟೆ ಮೂರು ವರ್ಷದ ಹಿಂದೆ ತೀರಿಕೊಂಡ ಒಬ್ಬ ತಾಯಿಯ ಹೆಸರಿಗೆ ಬಂದಿತ್ತು, ಅವರ ಹೆಸರು ಪಟ್ಟಿಯಲ್ಲಿ ಇನ್ನೂ ಇತ್ತು. ಮೂವತ್ತು ದಾಟುವಷ್ಟರಲ್ಲಿ ಪೂರ್ತಿ ಚಿತ್ರ ಸಿಕ್ಕಿತು. ಎಲ್ಲವೂ ಹೆಂಗಸರ ಹೆಸರಿಗೆ, ಎಲ್ಲರಿಗೂ ಐವತ್ತು ದಾಟಿದೆ. ಪಟ್ಟಿಯಲ್ಲಿ ಹೆಸರು, ಗಂಡನ ಅಥವಾ ತಂದೆಯ ಹೆಸರು, ಮನೆ ಸಂಖ್ಯೆ, ವಯಸ್ಸು, ಲಿಂಗ ಎಲ್ಲ ಇರುತ್ತದೆ. ಇಂಥ ಕೆಲಸಕ್ಕೆ ಇದಕ್ಕಿಂತ ಹೆಚ್ಚಿನ ಮಾಹಿತಿ ಬೇಕಾಗಿಲ್ಲ. ಮನೆ ಯಾರ ಹೆಸರಲ್ಲೇ ಇರಲಿ, ಅದು ಹೋಗುತ್ತದೆ ಎಂದರೆ ಮೊದಲು ನಿದ್ದೆ ಕೆಡುವುದು ಆ ಮನೆಯ ಹಿರಿಯ ಹೆಂಗಸಿಗೆ. ಆಕೆ ಹೆದರಿದರೆ ಮನೆಯ ನಾಲ್ಕೈದು ಮತಗಳು ಆಕೆಯ ಹಿಂದೆ ಹೋಗುತ್ತವೆ. ಹಂಚಿದವರು ಆ ಲೆಕ್ಕ ಹಾಕಿದ್ದರು. ನೆಲದ ಮೇಲೆ ಕೂತು ಅದನ್ನು ನೋಡಿದಾಗ ನನಗೆ ಬಂದಷ್ಟು ಸಿಟ್ಟು ಆ ಇಡೀ ಚುನಾವಣೆಯಲ್ಲಿ ಮತ್ತೆ ಬರಲಿಲ್ಲ.

ದೂರು ಕೊಡುವ ಕೆಲಸ ಬೆಳಗ್ಗೆಯೇ ಆಗಿತ್ತು. ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪಿನಲ್ಲಿ ಹಳೆಯ ಫೋಟೊ ಹಾಕಲು ಬರುವುದಿಲ್ಲ, ಸ್ಥಳದಲ್ಲೇ ನಿಂತು ತೆಗೆಯಬೇಕು. ಅದಕ್ಕಾಗಿ ಇನ್ನೂ ಗೇಟಿನಲ್ಲೇ ಇದ್ದ ಲಕೋಟೆಗಳನ್ನು ಯಾರೂ ಮುಟ್ಟದಂತೆ ಹುಡುಗರಿಗೆ ಹೇಳಿದ್ದೆ. ದೂರಿಗೆ 100 ನಿಮಿಷದೊಳಗೆ ಕ್ರಮ ಎಂಬುದು ಆಯೋಗದ ನಿಯಮ. ಚುನಾವಣಾ ಸಂಚಾರಿ ದಳ (ಫ್ಲೈಯಿಂಗ್ ಸ್ಕ್ವಾಡ್) ಬಂತು, ಮಹಜರು ಬರೆಯಿತು, ಪ್ರತಿಗಳನ್ನು ಒಯ್ಯಿತು. ಜನಪ್ರತಿನಿಧಿ ಕಾಯ್ದೆಯ 127ಎ ಸೆಕ್ಷನ್ ಪ್ರಕಾರ ಚುನಾವಣೆಯ ಯಾವ ಕರಪತ್ರದ ಮೇಲೂ ಮುದ್ರಕರ, ಪ್ರಕಾಶಕರ ಹೆಸರು ಮತ್ತು ವಿಳಾಸ ಇರಲೇಬೇಕು. ಮೀರಿದರೆ ಆರು ತಿಂಗಳವರೆಗೆ ಸೆರೆ, ಇಲ್ಲವೇ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಈ ಕಾಗದದಲ್ಲಿ ಹೆಸರೇ ಇರಲಿಲ್ಲವಾದ್ದರಿಂದ ಅಪರಿಚಿತರ ವಿರುದ್ಧ ದೂರು ದಾಖಲಾಯಿತು. ಅಭ್ಯರ್ಥಿಯ ವೈಯಕ್ತಿಕ ನಡತೆಯ ಬಗ್ಗೆ ಸುಳ್ಳು ಹಬ್ಬಿಸುವುದು ಅದೇ ಕಾಯ್ದೆಯ 123(4)ರಡಿ ಭ್ರಷ್ಟಾಚರಣೆ. ಆದರೆ ಎದುರಾಳಿಯೋ ಅವರ ಏಜೆಂಟರೋ ಮಾಡಿದ್ದಾರೆ, ಇಲ್ಲವೇ ಅವರ ಒಪ್ಪಿಗೆಯಿಂದ ಆಗಿದೆ ಎಂದು ಹೈಕೋರ್ಟಿನಲ್ಲಿ ಸಾಬೀತು ಮಾಡಬೇಕು. ಸಹಿಯಿಲ್ಲದ ಕಾಗದ ಹುಟ್ಟುವುದೇ ಈ ಕಾರಣಕ್ಕೆ. ದೂರು ಕೊಡಬೇಕು, ಕೊಟ್ಟೆವು. ಆದರೆ ಬುಧವಾರ ಬೆಳಗ್ಗೆಯೊಳಗೆ ಆ ಅಜ್ಜಿಗೆ ನಿದ್ದೆ ಬರುವಂತೆ ಮಾಡುವುದು ದೂರಿನಿಂದ ಆಗುವ ಕೆಲಸವಲ್ಲ.

ಸಂಜೆ ಕಚೇರಿಯಲ್ಲಿ ಜಗಳವೇ ಆಯಿತು. ನಮ್ಮ ಹುಡುಗರು ಅಷ್ಟರಲ್ಲಿ ಒಂದು ಕರಡು ತಯಾರಿಸಿದ್ದರು. ಎದುರಾಳಿ ಗೆದ್ದರೆ ಇಂತಿಂಥ ಬೀದಿಯ ವೃದ್ಧಾಪ್ಯ ವೇತನ ನಿಲ್ಲುತ್ತದೆ ಎಂದು ಅದರಲ್ಲಿತ್ತು. "ಅವರು ಮಾಡಬಹುದು, ನಾವು ಮಾಡಬಾರದೇ? ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಅಣ್ಣಾ" ಎಂದು ಒಬ್ಬ ಮೇಜು ಬಡಿದ. ಕರಡು ಚೆನ್ನಾಗಿತ್ತು, ಖಂಡಿತ ಕೆಲಸ ಮಾಡುತ್ತಿತ್ತು. ಒಣಕಸದ ಕಥೆಯನ್ನು ನಾನು ಅಂದು ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಯಾರೂ ಮಾತಾಡಲಿಲ್ಲ. ಮೇಡಂ ಕರಡನ್ನು ತೆಗೆದುಕೊಂಡು ನಾಲ್ಕಾಗಿ ಮಡಚಿ ತಮ್ಮ ಚೀಲದಲ್ಲಿ ಇಟ್ಟುಕೊಂಡರು. "ಇದು ಹೊರಗೆ ಹೋಗುವುದಿಲ್ಲ" ಎಂದಷ್ಟೇ ಹೇಳಿದರು.

ನಾನು ಬರೆದ ಉತ್ತರ ಒಂದೇ ಪುಟದ್ದು. ಅದರಲ್ಲಿ 'ನಿಮ್ಮ ಮನೆ ಒಡೆಯುವುದಿಲ್ಲ' ಎಂಬ ಮಾತಿಲ್ಲ. ಆ ಸುಳ್ಳನ್ನು ಅಲ್ಲಗಳೆಯಲು ಹೋಗಿ ಮತ್ತೊಮ್ಮೆ ಅಚ್ಚು ಹಾಕಿದರೆ ಮನಸ್ಸಿನಲ್ಲಿ ಉಳಿಯುವುದು 'ಮನೆ ಒಡೆಯುವುದು' ಎಂಬಷ್ಟೇ. ಕಾಗದ ಸಿಗದ ಬೀದಿಗಳಿಗೂ ಹೋಗಿ ಹೆದರಿಕೆ ಹಂಚಿದಂತೆಯೂ ಆಗುತ್ತದೆ. ಮೇಡಂ ಸಭೆಯಲ್ಲಿ ಆಡಿದ ಮಾತು ಪೂರ್ತಿಯಾಗಿ, ಮಹಾಯೋಜನೆಯ ಅಳತೆ, ಸುಪ್ರೀಂ ಕೋರ್ಟ್ ತೀರ್ಪಿನ ದಿನಾಂಕ, ನಿಮ್ಮ ಮನೆಯಿಂದ ಕಾಲುವೆ ಎಷ್ಟು ದೂರ ಎಂದು ಅಳೆಸಿಕೊಳ್ಳುವ ದಾರಿ. ಇಷ್ಟೇ. ಕೆಳಗೆ ಮೇಡಂ ಸಹಿ, ನನ್ನ ಮೊಬೈಲ್ ಸಂಖ್ಯೆ. ಸುಲ್ತಾನ್‌ಪೇಟೆಯಲ್ಲಿ ರಾತ್ರಿ ಹತ್ತಕ್ಕೆ ಅಚ್ಚು ಹಾಕಿಸಿದೆ. ಪ್ರಕಾಶಕನಾಗಿ ನಾನು ಸಹಿ ಹಾಕಿ, ನನ್ನನ್ನು ಬಲ್ಲ ಇಬ್ಬರಿಂದ ದೃಢೀಕರಿಸಿದ ಘೋಷಣಾಪತ್ರವನ್ನು ಎರಡು ಪ್ರತಿ ಕೊಟ್ಟ ಮೇಲೆಯೇ ಪ್ರೆಸ್ಸಿನವರು ಯಂತ್ರ ಚಾಲೂ ಮಾಡಿದರು. ರಾಜಧಾನಿಯಲ್ಲಿ ಮುದ್ರಿಸಿದರೆ ಅದರ ಒಂದು ಪ್ರತಿ ಮುಖ್ಯ ಚುನಾವಣಾಧಿಕಾರಿಗೆ ಹೋಗಬೇಕು. ಇನ್ನೂರು ಪ್ರತಿ ತೆಗೆಸಿದೆ, ಆ ಖರ್ಚು ಚುನಾವಣಾ ವೆಚ್ಚದ ಪುಸ್ತಕಕ್ಕೆ ಹೋಯಿತು.

ಸೋಮವಾರ ಸಂಜೆಗೆ ಬಹಿರಂಗ ಪ್ರಚಾರ ಮುಗಿಯುತ್ತಿತ್ತು. ಬೆಳಗ್ಗೆ ಏಳಕ್ಕೇ ಆ ಮೂರು ಬೀದಿಗಳಿಗೆ ಹೋದೆವು. ಜೊತೆಗೆ ಪಕ್ಷದ ಶಾಲು ಹಾಕಿದವರು ಬೇಡ ಎಂದಿದ್ದೆ. ಅದೇ ಬೀದಿಯಲ್ಲಿ ಹೊಲಿಗೆ ಹಾಕುವ ಒಬ್ಬಾಕೆ ಮುಂದೆ, ಹಿಂದೆ ನಾನು. ಸಾವಿತ್ರಮ್ಮನವರ ಅಂಗಳದಲ್ಲಿ ಕೂತು ಮೊಬೈಲಿನಲ್ಲಿ ದಿಶಾಂಕ್ ತೆರೆದೆ. ಕಂದಾಯ ಇಲಾಖೆಯ ಆ ಆ್ಯಪಿನಲ್ಲಿ ನಿಂತ ಜಾಗದ ಸರ್ವೆ ನಂಬರ್, ಹಳೆಯ ಗ್ರಾಮ ನಕ್ಷೆಯ ಗೆರೆಗಳು ಕಾಣುತ್ತವೆ. ಕಾಲುವೆಯ ಗೆರೆ ಅವರ ಮನೆಯ ಹಿಂದಿನ ಬೀದಿಯ ಆಚೆ ಹೋಗಿತ್ತು. ಅಜ್ಜಿ ಕನ್ನಡಕ ಹಾಕಿಕೊಂಡು ಪರದೆಯ ಮೇಲೆ ಬೆರಳಿಟ್ಟು, "ಇದು ನಾನು, ಇದು ಕಾಲುವೆ, ಅಲ್ಲವೇನಪ್ಪಾ?" ಎಂದರು. "ಹೌದಮ್ಮಾ. ಆದರೆ ಇದು ಅಂದಾಜು. ಸರಿಯಾದ ಅಳತೆ ಬೇಕೆಂದರೆ ಹದ್ದುಬಸ್ತು, ಅಂದರೆ ಸರ್ವೆಯವರಿಂದ ಗಡಿ ಅಳತೆ ಮಾಡಿಸಬೇಕು" ಎಂದೆ. "ಯಾರು ಮಾಡಿಸುತ್ತಾರೆ?" ಎಂದರು. ಗೆದ್ದರೂ ಸೋತರೂ ಅರ್ಜಿ ನಾನೇ ಬರೆದುಕೊಡುತ್ತೇನೆ ಎಂದು ಮಾತು ಕೊಟ್ಟೆ.

ಎಲ್ಲ ಮನೆಯಲ್ಲೂ ಹೀಗೆ ಆಗಲಿಲ್ಲ. ನಾಲ್ಕು ಮನೆಗಳು ಕಾಲುವೆಗೆ ತಾಗಿಕೊಂಡೇ ಇದ್ದವು. ಅವರಿಗೆ ಸುಳ್ಳು ಸಮಾಧಾನ ಹೇಳಲಿಲ್ಲ: ಯಾರು ಗೆದ್ದರೂ ನಿಮ್ಮ ದಾಖಲೆಗೆ ತೊಂದರೆ ಇದೆ, ಒಳ್ಳೆಯ ವಕೀಲರನ್ನು ಕಾಣಬೇಕು ಎಂದೆ. ಒಬ್ಬರು ಬಾಗಿಲು ಹಾಕಿಕೊಂಡರು. ಅವರ ಮತ ನಮಗೆ ಬರಲಿಕ್ಕಿಲ್ಲ. ಆದರೂ ಆ ಮಾತು ಹೇಳಿದ್ದಕ್ಕೆ ಇಂದಿಗೂ ನನಗೆ ಪಶ್ಚಾತ್ತಾಪವಿಲ್ಲ.

ಮೇ 13ರಂದು ಎಣಿಕೆ. ನಾವು ಸೋತೆವು. ನಂತರ ಬೂತುವಾರು ಮತಗಳಿರುವ ನಮೂನೆ 20 ತೆಗೆದು ಆ ಭಾಗದ ಬೂತನ್ನು ನೋಡಿದೆ. ಅಲ್ಲಿ ಮೇಡಂಗೆ ಸುತ್ತಲಿನ ಬೂತುಗಳಷ್ಟೇ ಮತ ಬಿದ್ದಿತ್ತು, ಕಡಿಮೆಯೇನೂ ಇರಲಿಲ್ಲ.

ಜೂನ್ ಎರಡನೆಯ ವಾರ ಹದ್ದುಬಸ್ತಿನ ಅರ್ಜಿ ಹಿಡಿದು ಸಾವಿತ್ರಮ್ಮನವರ ಮನೆಗೆ ಹೋದೆ. ಜೊತೆಯಲ್ಲಿ ಮತದಾರರ ಪಟ್ಟಿ ತಿದ್ದುಪಡಿಯ ನಮೂನೆ 8 ಕೂಡ ಇತ್ತು. ತೀರಿಕೊಂಡ ಆ ತಾಯಿಯ ಹೆಸರು ತೆಗೆಸಲು ನಮೂನೆ 7ನ್ನು ಅವರ ಮಗನ ಕೈಗೆ ಆಗಲೇ ಕೊಟ್ಟು ಬಂದಿದ್ದೆ. ಅಜ್ಜಿ ಅರ್ಜಿಯ ಮೇಲೆ ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು. 'ಸಾ'ದ ದೀರ್ಘವನ್ನು ಬರೆದ ಮೇಲೆ ಪೆನ್ನು ಎತ್ತಿ, ಸರಿಯಾಗಿದೆಯೇ ಎಂದು ನನ್ನ ಮುಖ ನೋಡಿ, ಉಳಿದ ಅಕ್ಷರಗಳನ್ನು ಮುಗಿಸಿದರು.