ಮೂರನೇ ಗೇರ್ ಯಾಕೆ ಜಂಪ್ ಆಗುತ್ತಿತ್ತು: ಹಳೆ ಲಾರಿ ರಿಪೇರಿಯಲ್ಲಿ ನನ್ನ ಅನುಭವ

ಗೇರ್‌ಬಾಕ್ಸ್ ಇಳಿಸಿದ ಕೂಡಲೇ ಡೀಸೆಲ್ ಹಾಕಿ ತೊಳೆಯಲು ನಾನು ಯಾರಿಗೂ ಬಿಡುವುದಿಲ್ಲ. ಮೊದಲು ಒಳಗಿನ ಆಯಿಲ್ ಸ್ವಚ್ಛ ಟ್ರೇಗೆ ಇಳಿಯಬೇಕು. ಅದನ್ನು ಬೆಳಕಿನಲ್ಲಿ ನೋಡಬೇಕು, ಬೆರಳಲ್ಲಿ ಉಜ್ಜಬೇಕು, ಅಯಸ್ಕಾಂತ ಆಡಿಸಬೇಕು. ಅಯಸ್ಕಾಂತಕ್ಕೆ ಅಂಟದ ಹಳದಿ ಪುಡಿ ಕಂಡರೆ ಸಿಂಕ್ರೊನೈಸರ್ ರಿಂಗ್, ಅಂದರೆ ಗೇರ್ ಬೀಳುವಾಗ ವೇಗ ಹೊಂದಿಸುವ ಹಿತ್ತಾಳೆ ಬಳೆ, ಸವೆದಿದೆ. ನುಣ್ಣನೆಯ ಕಪ್ಪು ಪುಡಿ ಸ್ವಲ್ಪ ಅಂಟಿಕೊಂಡರೆ ಅದು ಸಹಜ, ಹಳೆ ಬಾಕ್ಸ್‌ನಲ್ಲಿ ಇದ್ದೇ ಇರುತ್ತದೆ. ಚಕ್ಕೆ ಚಕ್ಕೆಯಾಗಿ ಬಂದರೆ ಬೇರಿಂಗೋ ಹಲ್ಲಿನ ಮೇಲ್ಪದರವೋ ಕಿತ್ತು ಬರುತ್ತಿದೆ. ಆಯಿಲ್ ಹಾಲು ಹಾಕಿದ ಚಹಾದ ಹಾಗೆ ಕಂಡರೆ ನೀರು ಸೇರಿದೆ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಕೊನೆಯದು ಜಾಸ್ತಿ. ತೊಳೆದುಬಿಟ್ಟರೆ ಈ ಸುಳಿವೆಲ್ಲ ಚರಂಡಿಗೆ ಹೋಗುತ್ತದೆ. ಆಮೇಲೆ ಸುಮ್ನೆ ಊಹೆ ಮಾಡುತ್ತಾ ಪಾರ್ಟ್ಸ್ ಹಾಕುವುದಷ್ಟೇ ಉಳಿಯುತ್ತದೆ.

ನನ್ನ ಗ್ಯಾರೇಜು ಬೈಕಂಪಾಡಿಯಲ್ಲಿ. ಪಣಂಬೂರು ಬಂದರು ಹತ್ತಿರ, ಹೆದ್ದಾರಿ ಎದುರಿಗೆ. ಹೊಸ ಲಾರಿಗಳು ಕಂಪನಿ ಸರ್ವಿಸ್‌ಗೆ ಹೋಗುತ್ತವೆ. ನನ್ನ ಹತ್ತಿರ ಬರುವುದು ಹಳೆಯ ಟಾಟಾ, ಹಳೆಯ ಲೇಲ್ಯಾಂಡ್. ಕೆಂಪು ಕಲ್ಲು ಹೊರುವವು, ಜಲ್ಲಿ ಹೊರುವವು, ಮಲ್ಪೆಯಿಂದ ಮೀನು ಹೊರುವವು. ಇವುಗಳಲ್ಲಿ ಒಂದರ ಕೆಲಸವನ್ನು ವಿವರವಾಗಿ ಹೇಳುತ್ತೇನೆ. ನನಗೆ ಹೇಳಬೇಕಾದದ್ದೆಲ್ಲ ಅದರಲ್ಲೇ ಇದೆ.

ಕಾರ್ಕಳ ಕಡೆಯವರೊಬ್ಬರ ಹಳೆ ಟಾಟಾ ಅದು. 697 ಎಂಜಿನ್, ಐದು ಗೇರಿನ ಬಾಕ್ಸ್. ಶಿರಾಡಿ ಘಾಟಿ ಇಳಿಯುವಾಗ ಮೂರನೇ ಗೇರ್ ಜಂಪ್ ಆಗಿ ನ್ಯೂಟ್ರಲ್‌ಗೆ ಬರುತ್ತಿತ್ತು. ಲೋಡ್ ಇರುವ ಲಾರಿ, ಎದುರಿಗೆ ತಿರುವು, ಎಂಜಿನ್ ಹಿಡಿತ ಇದ್ದಕ್ಕಿದ್ದಂತೆ ಹೋಗುತ್ತದೆ. ಪೂರ್ತಿ ಭಾರ ಬ್ರೇಕ್ ಮೇಲೆ. ಅಂಥ ಕಡೆ ಬ್ರೇಕ್ ಡ್ರಮ್ ಕಾದರೆ ಲಾರಿ ನಿಲ್ಲುವುದಿಲ್ಲ. ಡ್ರೈವರ್ ಕೈಯಲ್ಲಿ ಲಿವರ್ ಒತ್ತಿ ಹಿಡಿದುಕೊಂಡೇ ಘಾಟಿ ಇಳಿಸುತ್ತಿದ್ದರಂತೆ. ಅದಕ್ಕೂ ಮೊದಲು ಬೇರೊಂದು ಗ್ಯಾರೇಜಿನಲ್ಲಿ ಮೂರನೇ ಗೇರ್, ಅದನ್ನು ಶಾಫ್ಟ್‌ಗೆ ಜೋಡಿಸುವ ಸ್ಲೀವ್, ಆ ಸ್ಲೀವನ್ನು ಸರಿಸುವ ಫೋರ್ಕ್ ಎಲ್ಲ ಹೊಸದು ಹಾಕಿಸಿದ್ದರು. ಸ್ವಲ್ಪ ದಿನ ಸರಿಯಿತ್ತು. ಮತ್ತೆ ಶುರುವಾಯಿತು.

“ಗೇರ್ ಒಂದು ಹಾಕಿ ಕೊಡಿ ಮಾರಾಯ್ರೆ, ಬಾಕ್ಸ್ ಪೂರ್ತಿ ಯಾಕೆ ಬಿಚ್ಚುದು?” ಎಂದರು ಮಾಲೀಕರು.

“ಅಣ್ಣಾ, ಗೇರ್ ಹೊಸದೇ ಉಂಟಲ್ಲ. ಅದನ್ನು ತಿಂದದ್ದು ಯಾವುದು ಅಂತ ನೋಡ್ಬೇಕಲ್ವಾ?” ಎಂದೆ.

ಬಿಚ್ಚುವ ಮೊದಲು ಡ್ರೈವರ್ ಪಕ್ಕ ಕೂತು ಸುರತ್ಕಲ್ ಕಡೆ ಒಂದು ಸುತ್ತು ಹೋಗಿ ಬಂದೆ. ಸದ್ದು ಕೇಳಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಈ ಬಾಕ್ಸ್‌ಗಳಲ್ಲಿ ಟಾಪ್ ಗೇರ್ ಅಂದರೆ ನೇರ ಸಂಪರ್ಕ. ಶಕ್ತಿ ಕ್ಲಚ್ ಶಾಫ್ಟ್‌ನಿಂದ ಸೀದಾ ಮೇನ್ ಶಾಫ್ಟ್‌ಗೆ ಹೋಗುತ್ತದೆ, ಕೆಳಗಿನ ಲೇ ಶಾಫ್ಟ್ ಭಾರವಿಲ್ಲದೆ ತಿರುಗುತ್ತಿರುತ್ತದೆ. ಹಾಗಾಗಿ ಬೇರೆ ಗೇರ್‌ಗಳಲ್ಲಿ ಬರುವ ಗುಂಯ್ ಸದ್ದು ಟಾಪ್‌ನಲ್ಲಿ ಕಡಿಮೆಯಾದರೆ ಲೇ ಶಾಫ್ಟ್ ಬೇರಿಂಗ್ ಮೇಲೆ ಅನುಮಾನ. ನ್ಯೂಟ್ರಲ್‌ನಲ್ಲಿ ಇದ್ದು ಕ್ಲಚ್ ಒತ್ತಿದಾಗ ನಿಲ್ಲುವ ಸದ್ದಾದರೆ ಕ್ಲಚ್ ಶಾಫ್ಟ್ ಬೇರಿಂಗ್ ನೋಡಬೇಕು. ಕ್ಲಚ್ ಒತ್ತಿದಾಗಲೇ ಬರುವ ಸದ್ದಾದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್, ಅಥವಾ ಎಂಜಿನ್ ಹಿಂದಿನ ಭಾರದ ಚಕ್ರ ಫ್ಲೈವೀಲ್ ನಡುವೆ ಕ್ಲಚ್ ಶಾಫ್ಟ್‌ನ ಮುಂದಿನ ತುದಿ ಹಿಡಿಯುವ ಪೈಲಟ್ ಬೇರಿಂಗ್. ಈ ಲಾರಿಯಲ್ಲಿ ಕ್ಲಚ್ ಒತ್ತಿದರೆ ಚಿರ್ ಅನ್ನುತ್ತಿತ್ತು. ಡ್ರೈವರ್ ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಗೇರ್ ಜಂಪ್‌ಗೂ ಆ ಸದ್ದಿಗೂ ಏನು ಸಂಬಂಧ ಎಂದು ಯಾರಿಗಾದರೂ ಅನಿಸುತ್ತದೆ.

ಬಾಕ್ಸ್ ಇಳಿಸಿ ನೋಡಿದಾಗ ಪೈಲಟ್ ಬೇರಿಂಗ್ ಪೂರ್ತಿ ಹೋಗಿತ್ತು. ಕ್ಲಚ್ ಶಾಫ್ಟ್‌ನ ಹಿಂಬದಿಯ ಗುಳಿಯಲ್ಲಿ ಮೇನ್ ಶಾಫ್ಟ್‌ನ ತುದಿ ಕೂರುವ ರೋಲರ್‌ಗಳೂ ಒಂದೇ ಬದಿಗೆ ಸವೆದಿದ್ದವು. ಹೊಸ ಮೂರನೇ ಗೇರಿನ ಡಾಗ್ ಹಲ್ಲುಗಳು, ಅಂದರೆ ಸ್ಲೀವ್ ಬಂದು ಕಚ್ಚುವ ಹಲ್ಲುಗಳು, ಇಳಿಜಾರಿನಲ್ಲಿ ಭಾರ ಬೀಳುವ ಬದಿಯಲ್ಲಿ ಮಾತ್ರ ದುಂಡಗಾಗಿದ್ದವು. ಒಂದೇ ಬದಿ ಸವೆತ ಅಂದರೆ ಶಾಫ್ಟ್‌ಗಳು ಒಂದೇ ಗೆರೆಯಲ್ಲಿ ಇಲ್ಲ ಎಂದರ್ಥ. ಗೆರೆ ತಪ್ಪಿದ ಶಾಫ್ಟ್ ಪ್ರತಿ ಸುತ್ತಿಗೂ ಸ್ಲೀವನ್ನು ಸ್ವಲ್ಪ ಸ್ವಲ್ಪ ಹಿಂದೆ ಮುಂದೆ ತಳ್ಳುತ್ತದೆ. ಫೋರ್ಕ್ ಹೊಸದಾಗಿರಲಿ, ಸ್ಪ್ರಿಂಗ್ ಬಿಗಿಯಾಗಿರಲಿ, ಸ್ಲೀವ್ ಕೊನೆಗೆ ಜಾರಿ ಹೊರಗೆ ಬರುತ್ತದೆ.

ಗೆರೆ ತಪ್ಪಿದ್ದು ಎಲ್ಲಿ? ಫ್ಲೈವೀಲ್ ಮೇಲೆ ಸಣ್ಣ ಓಡಾಟ ಅಳೆಯುವ ಡಯಲ್ ಗೇಜ್ ಕೂರಿಸಿ, ಅದರ ತುದಿಯನ್ನು ಎಂಜಿನ್‌ಗೂ ಬಾಕ್ಸಿಗೂ ನಡುವಿನ ಹೌಸಿಂಗ್‌ನ ಒಳವೃತ್ತಕ್ಕೆ ತಾಗಿಸಿ, ಎಂಜಿನ್ನನ್ನು ಕೈಯಿಂದ ಒಂದು ಸುತ್ತು ತಿರುಗಿಸಬೇಕು. ಆಮೇಲೆ ಹೌಸಿಂಗ್‌ನ ಮುಖಕ್ಕೂ ಹಾಗೆಯೇ. ಮುಳ್ಳಿನ ಓಡಾಟ 0.20 ಮಿ.ಮೀ. ಒಳಗಿದ್ದರೆ ನಾನು ಒಪ್ಪುತ್ತೇನೆ. ಇಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಇತ್ತು. ಹೌಸಿಂಗ್ ಬಿಚ್ಚಿದೆ. ಎರಡು ಡವೆಲ್ ಪಿನ್ ಇರಬೇಕಾದ ಕಡೆ ಒಂದೇ ಇತ್ತು. ಯಾವಾಗಲೋ ಹೌಸಿಂಗ್ ಕಳಚಿದವರು ಬೋಲ್ಟ್ ಮಾತ್ರ ಬಿಗಿದು ಬಿಟ್ಟಿದ್ದರು. ಬೋಲ್ಟಿನ ತೂತು ಯಾವಾಗಲೂ ಬೋಲ್ಟ್‌ಗಿಂತ ಸ್ವಲ್ಪ ದೊಡ್ಡದು. ಬೋಲ್ಟ್ ಬಿಗಿ ಹಿಡಿಯುತ್ತದೆ, ಜಾಗ ತೋರಿಸುವುದು ಡವೆಲ್ ಪಿನ್. ಇಷ್ಟು ಸಣ್ಣ ಪಿನ್ ಒಂದಕ್ಕೆ ಅಷ್ಟೊಂದು ಹೊಸ ಪಾರ್ಟ್ಸ್ ಬಲಿಯಾಗಿದ್ದವು. ಲೇತ್‌ನಲ್ಲಿ ಸರಿಯಾದ ಅಳತೆಯ ಪಿನ್ ಮಾಡಿಸಿ ಹಾಕಿ ಮತ್ತೆ ಗೇಜ್ ಓಡಿಸಿದೆ. ಗೆರೆ ಸರಿಯಾಯಿತು. ಆಮೇಲೆಯೇ ಬಾಕ್ಸಿನ ಒಳಗೆ ಕೈ ಹಾಕಿದ್ದು.

ಬೇರಿಂಗ್‌ಗಳನ್ನು ಎಲ್ಲ ಹೊಸದೇ ಹಾಕಿದೆ. ಈ ವಿಷಯದಲ್ಲಿ ನಾನು ಗುಜರಿಯ ಮಾಲು ಮುಟ್ಟುವುದಿಲ್ಲ. ಗೇರ್ ಮಾತ್ರ ಬೇರೆ ಮಾತು. ಹಳೆ ಮಾಡೆಲ್‌ಗೆ ಒಳ್ಳೆಯ ಹೊಸ ಗೇರ್ ಸಿಗುವುದು ಕಷ್ಟ. ನಕಲಿ ಗೇರ್‌ಗಿಂತ ಗುಜರಿಯಲ್ಲಿ ಸಿಗುವ ಅಸಲಿ ಗೇರ್ ಎಷ್ಟೋ ವಾಸಿ. ನೋಡಿ ಆರಿಸಲು ಬರಬೇಕು ಅಷ್ಟೆ. ಹಲ್ಲಿನ ಮುಖದಲ್ಲಿ ಸಣ್ಣ ಗುಳಿಗಳು ಇರಬಾರದು. ಹಲ್ಲಿನ ಅಂಚಿಗೆ ಅರ ಹಾಕಿ ನೋಡಬೇಕು. ಅರ ಜಾರಿದರೆ ಗಟ್ಟಿ ಪದರ ಉಳಿದಿದೆ, ಕಚ್ಚಿದರೆ ಆ ಗೇರ್ ಬೇಡ. ಕೆಲವರು ಸವೆದ ಡಾಗ್ ಹಲ್ಲಿಗೆ ವೆಲ್ಡಿಂಗ್ ಮಾಡಿ ಅರೆದು ಕೊಡುತ್ತಾರೆ. ನಾನು ಮಾಡುವುದಿಲ್ಲ. ವೆಲ್ಡಿಂಗ್ ಬಿಸಿಗೆ ಉಕ್ಕಿನ ಗಟ್ಟಿತನವೇ ಹೋಗುತ್ತದೆ. ಘಾಟಿ ಇಳಿಯುವ ಲಾರಿಗೆ ಅಂಥ ಹಲ್ಲು ಹಾಕಿ ಕಳಿಸಲು ಮನಸ್ಸು ಒಪ್ಪುವುದಿಲ್ಲ.

ಬಾಕ್ಸಿನ ಮೇಲಿರುವ ಗಾಳಿ ತೂತನ್ನೂ ನೋಡಿ. ಬ್ರೀದರ್ ಅನ್ನುತ್ತೇವೆ. ಕೆಸರು ಕಟ್ಟಿ ಅದು ಮುಚ್ಚಿದರೆ, ಬಾಕ್ಸ್ ಬಿಸಿಯಾದಾಗ ಒಳಗಿನ ಒತ್ತಡ ಸೀಲ್ ದಾಟಿ ಆಯಿಲನ್ನು ಹೊರಗೆ ತಳ್ಳುತ್ತದೆ. ಬಿಸಿ ಬಾಕ್ಸ್ ನೀರಲ್ಲಿ ಮುಳುಗಿ ತಣ್ಣಗಾದರೆ ಅದೇ ಸೀಲಿನ ಮೂಲಕ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಮೀನಿನ ಲಾರಿಗಳಲ್ಲಿ ಇದು ಇನ್ನೂ ಕೆಟ್ಟದು. ಐಸ್ ಕರಗಿದ ಉಪ್ಪುನೀರು ಚಾಸಿ ಮೇಲೆ ಸುರಿಯುತ್ತಲೇ ಇರುತ್ತದೆ. ಆಯಿಲ್ ವಿಷಯದಲ್ಲಿ ಒಂದೇ ಮಾತು. ಹಿತ್ತಾಳೆ ಸಿಂಕ್ರೊ ರಿಂಗ್ ಇರುವ ಬಾಕ್ಸ್‌ಗೆ ಜಿಎಲ್-4 ದರ್ಜೆಯ ಗೇರ್ ಆಯಿಲ್ ಹಾಕಿ. ಡಿಫರೆನ್ಷಿಯಲ್‌ಗೆ ತಂದ ಜಿಎಲ್-5 ಉಳಿದಿದೆ ಎಂದು ಅದನ್ನೇ ಸುರಿಯಬೇಡಿ. ಕೆಲವು ಜಿಎಲ್-5 ಆಯಿಲ್‌ಗಳಲ್ಲಿರುವ ಗಂಧಕ ಹಿತ್ತಾಳೆಯನ್ನು ತಿನ್ನುತ್ತದೆ.

ಅದೇ ಲಾರಿಯ ಎಂಜಿನ್ ಕೂಡ ಆಯಿಲ್ ಕುಡಿಯುತ್ತಿತ್ತು. ಹೇಗೂ ಬಾಕ್ಸ್ ಇಳಿಸಿದೆ, ಅದನ್ನೂ ಮಾಡಿಬಿಡಿ ಎಂದರು ಮಾಲೀಕರು. 697 ಅಂದರೆ ಆರು ಸಿಲಿಂಡರ್, 97 ಮಿ.ಮೀ. ಬೋರ್ (ಸಿಲಿಂಡರಿನ ಅಗಲ), 128 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡುವ ಉದ್ದ), 5675 ಸಿಸಿ. ಟಾಟಾದವರು 1954ರಿಂದ 1969ರ ತನಕ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ಮಾಡುತ್ತಿದ್ದರು. ಆ ಕುಟುಂಬದ ಗುಣ ಈ ಎಂಜಿನ್‌ನಲ್ಲೂ ಇದೆ. ಸರಿಯಾಗಿ ಅಳೆದು ಕಟ್ಟಿದರೆ ಮತ್ತೊಂದು ಆಯಸ್ಸು ಕೊಡುತ್ತದೆ. ನನಗೆ ಇದರ ಮೇಲೆ ತುಂಬಾ ಪ್ರೀತಿ.

ಬೋರ್ ಗೇಜ್ ಇಳಿಸಿ ಪ್ರತಿ ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ ಅಳೆದೆ. ಉದ್ದಕ್ಕೂ ಅಡ್ಡಕ್ಕೂ. ಒಂದೇ ಸಿಲಿಂಡರ್ ಸವೆದಿದ್ದರೆ ಆ ಇಂಜೆಕ್ಟರ್ ಡೀಸೆಲ್ ಸೋರಿಸಿ ಗೋಡೆಯ ಆಯಿಲ್ ತೊಳೆಯುತ್ತಿದೆ ಎಂದು ಅನುಮಾನ ಪಡಬೇಕು. ಇಲ್ಲಿ ಆರಕ್ಕೆ ಆರೂ ಮೇಲ್ಭಾಗದಲ್ಲೇ, ಮೊದಲ ರಿಂಗ್ ತಿರುಗುವ ಜಾಗದಲ್ಲೇ ಸವೆದಿದ್ದವು. ಅದು ಧೂಳಿನ ಕೆಲಸ. ಕೆಂಪು ಕಲ್ಲಿನ ಕೋರೆಗೆ ಹೋಗುವ ಲಾರಿ. ಏರ್ ಕ್ಲೀನರ್ ಸರಿಯಿತ್ತು. ಆದರೆ ಅಲ್ಲಿಂದ ಮ್ಯಾನಿಫೋಲ್ಡ್‌ಗೆ ಬರುವ ರಬ್ಬರ್ ಹೋಸ್ ಕ್ಲಿಪ್ಪಿನ ಕೆಳಗೆ ಸೀಳಿತ್ತು. ಮೇಲಿಂದ ಕಾಣುವುದೇ ಇಲ್ಲ. ಹೋಸ್ ಒಳಗೆ ಬೆರಳು ಹಾಕಿದರೆ ಕೆಂಪು ಧೂಳು. ಆ ಹೋಸ್ ಬದಲಿಸದೆ ಲೈನರ್ (ಸಿಲಿಂಡರ್ ಒಳಗೆ ಕೂರುವ ಕೊಳವೆ) ಹಾಕಿದ್ದರೆ ಹೊಸ ಲೈನರ್ ಕೂಡ ಅದೇ ದಾರಿ ಹಿಡಿಯುತ್ತಿತ್ತು.

ಕ್ರ್ಯಾಂಕ್ ಶಾಫ್ಟ್‌ಗೆ ಮೊದಲು ಬಿರುಕಿನ ಪರೀಕ್ಷೆ ಮಾಡಿಸಿದೆ. ಆಮೇಲೆ 0.25 ಅಂಡರ್‌ಸೈಜ್‌ಗೆ, ಅಂದರೆ ಅಷ್ಟು ಮಿ.ಮೀ. ಸಣ್ಣದಾಗುವಂತೆ, ಗ್ರೈಂಡಿಂಗ್. ಗ್ರೈಂಡಿಂಗ್‌ನವರಿಗೆ ನಾನು ಖುದ್ದು ಹೋಗಿ ಹೇಳುವುದು ಒಂದೇ: ಬೇರಿಂಗ್ ಕೂರುವ ಜಾಗದ, ಅಂದರೆ ಜರ್ನಲ್‌ನ, ಮೂಲೆಯ ದುಂಡು ಉಳಿಯಬೇಕು. ಅಲ್ಲಿ ಚೂಪಾಗಿ ಕತ್ತರಿಸಿದರೆ ಶಾಫ್ಟ್ ಮುಂದೆ ಅಲ್ಲೇ ಮುರಿಯುತ್ತದೆ. ತಂದ ಮೇಲೆ ಆಯಿಲ್ ತೂತುಗಳನ್ನು ಬ್ರಶ್ ಹಾಕಿ ತೊಳೆದು ಗಾಳಿ ಹೊಡೆಯಬೇಕು. ಗ್ರೈಂಡಿಂಗ್ ಪುಡಿ ಒಳಗೆ ಉಳಿದರೆ ಹೊಸ ಬೇರಿಂಗನ್ನು ಮೊದಲ ದಿನವೇ ಗೀರುತ್ತದೆ.

ಮಳೆಗಾಲದಲ್ಲಿ ಈ ಕೆಲಸ ಮಾಡುವವರಿಗೆ ಇನ್ನೊಂದು ಮಾತು. ಹೋನಿಂಗ್ ಮಾಡಿದ, ಅಂದರೆ ಕಲ್ಲಿನಿಂದ ಉಜ್ಜಿ ಸಣ್ಣ ಗೀರು ಹಾಕಿದ ಬೋರ್ ನಮ್ಮ ಕರಾವಳಿಯ ಗಾಳಿಗೆ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯುತ್ತದೆ. ಬ್ಲಾಕ್ ಬಂದ ಕೂಡಲೇ ಸೋಪಿನ ನೀರಲ್ಲಿ ಉಜ್ಜಿ ತೊಳೆದು, ಒಣಗಿಸಿ, ಎಂಜಿನ್ ಆಯಿಲ್ ಸವರಿ, ಪ್ಲಾಸ್ಟಿಕ್ ಮುಚ್ಚಿ ಇಡಿ. ಬಿಳಿ ಬಟ್ಟೆ ಒರೆಸಿದರೆ ಬಿಳಿಯಾಗೇ ಬರುವ ತನಕ ತೊಳೆಯಬೇಕು. ಬರೀ ಡೀಸೆಲ್‌ನಲ್ಲಿ ತೊಳೆದರೆ ಹೋನಿಂಗ್ ಕಲ್ಲಿನ ಪುಡಿ ಗೀರುಗಳಲ್ಲೇ ಕೂತಿರುತ್ತದೆ.

ಇಷ್ಟೆಲ್ಲ ಖರ್ಚು ಮಾಡುವುದು ಸರಿಯೇ ಎಂದು ಮಾಲೀಕರು ಕೇಳಿದ್ದರು. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಲಾರಿಗಳ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಶುಲ್ಕ ಏರಿದೆ, ಆ ಲೆಕ್ಕವೂ ಇದೆ. ಚಾಸಿ ಗಟ್ಟಿ ಇದ್ದರೆ, ಓಡಾಟ ಹತ್ತಿರದ್ದಾದರೆ ಮಾಡಿಸಿ ಅನ್ನುತ್ತೇನೆ. ಚಾಸಿ ಉಪ್ಪು ತಿಂದು ಪದರ ಪದರ ಏಳುತ್ತಿದ್ದರೆ ಬೇಡ ಎಂದು ನೇರ ಹೇಳುತ್ತೇನೆ. ಈ ಲಾರಿಯ ಚಾಸಿ ಚೆನ್ನಾಗಿತ್ತು.

ಮೊದಲ ಸ್ಟಾರ್ಟ್‌ಗೆ ಆತುರ ಮಾಡಲಿಲ್ಲ. ಸ್ಟಾಪ್ ಕೇಬಲ್ ಎಳೆದು ಹಿಡಿದು, ಆಯಿಲ್ ಪ್ರೆಶರ್ ಮುಳ್ಳು ಏಳುವ ತನಕ ಸೆಲ್ಫ್‌ನಲ್ಲಿ ಬಿಟ್ಟು ಬಿಟ್ಟು ತಿರುಗಿಸಿದೆವು. ಆಮೇಲೆ ಡೀಸೆಲ್ ಬಿಟ್ಟೆವು. ಡ್ರೈವರ್‌ಗೆ ಹೇಳಿದ್ದು ಇಷ್ಟು: ಸುಮ್ನೆ ಐಡ್ಲಿಂಗ್‌ನಲ್ಲಿ ಬಿಡಬೇಡಿ, ರಿಂಗ್ ಕೂರುವುದಿಲ್ಲ, ಬೋರ್ ಕನ್ನಡಿಯಂತೆ ನುಣುಪಾಗುತ್ತದೆ. ಅರ್ಧ ಲೋಡ್ ಹಾಕಿ ಓಡಿಸಿ, ಸದ್ಯಕ್ಕೆ ಘಾಟಿ ಬೇಡ, ಲಿವರ್ ಮೇಲೆ ಕೈ ಇಟ್ಟುಕೊಂಡು ಹೋಗುವ ಅಭ್ಯಾಸವೂ ಬೇಡ, ಫೋರ್ಕ್ ಸವೆಯುತ್ತದೆ. 500 ಕಿ.ಮೀ. ಆದ ಮೇಲೆ ಅವರು ಬಂದರು. ಎಂಜಿನ್ ಆಯಿಲ್ ಬದಲಿಸಿ, ತಣ್ಣಗಿರುವಾಗ ಟ್ಯಾಪೆಟ್, ಅಂದರೆ ವಾಲ್ವ್ ಮೇಲಿನ ಸಂದು, ನೋಡಿದೆ. ಇನ್‌ಲೆಟ್ 0.20, ಎಕ್ಸಾಸ್ಟ್ 0.30 ಮಿ.ಮೀ. ಇರಬೇಕು. ಎರಡು ಮಾತ್ರ ಸ್ವಲ್ಪ ಬಿಗಿಯಾಗಿದ್ದವು, ಸರಿ ಮಾಡಿದೆ. ಮುಂದಿನ ವಾರ ಶಿರಾಡಿಗೆ ಲೋಡ್ ಹಾಕಿಕೊಂಡು ಹೋದರು. ಇಳಿಯುವಾಗ ಮೂರನೇ ಗೇರಿನಲ್ಲೇ ಘಾಟಿ ಬುಡದ ಗುಂಡ್ಯದ ತನಕ ಬಂದೆ, ಲಿವರ್ ಮುಟ್ಟಲೇ ಇಲ್ಲ ಎಂದು ಡ್ರೈವರ್ ಅಲ್ಲಿಂದಲೇ ಫೋನ್ ಮಾಡಿದರು.